ಕುದುರೆಮುಖವೋ, ಸೋಮೇಶ್ವರವೋ, ಮೂಕಾಂಬಿಕೆಯೋ, ಪಿಲಿಕುಳವೋ? ಕರಾವಳಿಯವರಿಗೆ ಕಾಡು ಆರಿಸುವ ಮಾರ್ಗದರ್ಶಿ

ಮಂಗಳೂರು, ಉಡುಪಿಯಲ್ಲಿ ಇರುವವರಿಗೆ ಒಂದು ದೊಡ್ಡ ಅನುಕೂಲ ಇದೆ. ಬೆಳಿಗ್ಗೆ ಮನೆಯಲ್ಲಿ ಚಹಾ ಕುಡಿದು ಹೊರಟರೆ ಹತ್ತು ಗಂಟೆಯೊಳಗೆ ಘಟ್ಟದ ಕಾಡಿನ ಬುಡ ತಲುಪಬಹುದು. ಒಂದು ರಾಷ್ಟ್ರೀಯ ಉದ್ಯಾನ, ಮೂರು ಅಭಯಾರಣ್ಯ, ಊರ ಪಕ್ಕದಲ್ಲೇ ಒಂದು ನಿಸರ್ಗಧಾಮ, ಸಮುದ್ರದ ಒಳಗೆ ಕೋಟಿಗಟ್ಟಲೆ ವರ್ಷ ಹಳೆಯ ಕಲ್ಲಿನ ದ್ವೀಪ. ಇಷ್ಟೆಲ್ಲ ಒಂದೇ ದಿನದಲ್ಲಿ ಹೋಗಿ ಬರುವ ದೂರದಲ್ಲಿವೆ.

ಆದ್ದರಿಂದಲೇ ಆರಿಸುವುದು ಕಷ್ಟ. ರಜೆ ಬಂದ ಕೂಡಲೇ ಎಲ್ಲರ ಬಾಯಲ್ಲಿ ಬರುವುದು ಕುದುರೆಮುಖ, ಇಲ್ಲದಿದ್ದರೆ ಆಗುಂಬೆ. ಯಾವ ತಿಂಗಳು, ಯಾರ ಜೊತೆ, ಏನು ನೋಡಲು ಎಂದು ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಈ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಜಾಗ ತಾನಾಗಿ ಗೊತ್ತಾಗುತ್ತದೆ. ಇಲ್ಲದಿದ್ದರೆ ಏಪ್ರಿಲ್‌ನಲ್ಲಿ ಒಣಗಿದ ಹುಲ್ಲುಗುಡ್ಡ ನೋಡಿ, ಜುಲೈಯಲ್ಲಿ ಮುಚ್ಚಿದ ಗೇಟು ನೋಡಿ ವಾಪಸ್ ಬರಬೇಕಾಗುತ್ತದೆ.

ಮೊದಲೇ ಒಂದು ಮಾತು

ಪ್ರಾಣಿ ನೋಡಬೇಕು ಎಂಬ ಒಂದೇ ಆಸೆಯಿಂದ ಹೊರಡುವುದಾದರೆ ಈ ಕಾಡುಗಳು ನಿರಾಸೆ ಮಾಡುತ್ತವೆ. ಇಲ್ಲಿ ಹುಲಿ, ಚಿರತೆ, ಕಾಟಿ, ಕಡವೆ ಎಲ್ಲವೂ ಇವೆ. ಆದರೆ ಇದು ನಿತ್ಯಹಸಿರು ಕಾಡು. ಮರ, ಬಳ್ಳಿ, ಪೊದೆ ಎಲ್ಲ ಸೇರಿ ಹತ್ತು ಮೀಟರ್ ಆಚೆ ಏನಿದೆ ಎಂದು ಕಾಣುವುದಿಲ್ಲ. ಬಂಡೀಪುರ, ನಾಗರಹೊಳೆಯ ಕಡೆಯದು ಹೆಚ್ಚಾಗಿ ಎಲೆ ಉದುರುವ ಕಾಡು. ಬೇಸಿಗೆಯಲ್ಲಿ ಅಲ್ಲಿ ದೂರದವರೆಗೆ ಕಾಣುತ್ತದೆ, ಕೆರೆ ಬದಿಗೆ ಪ್ರಾಣಿಗಳು ಬರುತ್ತವೆ. ನಮ್ಮ ಕಡೆ ಅಂಥ ಸಫಾರಿ ಇಲ್ಲ. ಇಲ್ಲಿ ಕಿವಿ ಜಾಸ್ತಿ ಕೆಲಸ ಮಾಡುತ್ತದೆ. ಮಂಗಟ್ಟೆ ಹಕ್ಕಿಯ ರೆಕ್ಕೆ ಸದ್ದು, ಸಿಂಗಳೀಕ ಎಂಬ ಸಿಂಹಬಾಲದ ಕೋತಿಯ ಕೂಗು, ಕಪ್ಪೆಗಳ ಗದ್ದಲ. ತಲೆ ಎತ್ತಿ ನಡೆಯುವವರಿಗೆ ಕೊಂಬೆಯ ಮೇಲೆ ಕೆಂದಳಿಲು ಸಿಗುತ್ತದೆ. ಮರದ ಕಾಂಡಕ್ಕೆ ಅಂಟಿಕೊಂಡ ಹಾರುವ ಓತಿ ಸಿಗುತ್ತದೆ.

ಇನ್ನೊಂದು, ಕಾನೂನಿನ ವ್ಯತ್ಯಾಸ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯ ಎರಡೂ ಇವೆ. ಉದ್ಯಾನದ ನಿಯಮ ಹೆಚ್ಚು ಬಿಗಿ. ಅಲ್ಲಿ ದನ ಮೇಯಿಸುವಂತಿಲ್ಲ, ಜನರ ಹಕ್ಕುಗಳನ್ನೂ ಉಳಿಸುವುದಿಲ್ಲ. ಅಭಯಾರಣ್ಯದಲ್ಲಿ ಕೆಲವು ಹಕ್ಕುಗಳನ್ನು ಮುಂದುವರಿಸಲು ಅವಕಾಶ ಇದೆ. ಹಾಗಾಗಿ ಸೋಮೇಶ್ವರ, ಕೊಲ್ಲೂರಿನ ಕಡೆ ಕಾಡಿನ ನಡುವೆ ಮನೆ, ತೋಟ, ದೈವಸ್ಥಾನ ಸಿಗುತ್ತವೆ. ಇವು ಪ್ರವಾಸಿ ತಾಣವಾಗುವ ಮೊದಲೇ ಜನ ಬದುಕುತ್ತಿರುವ ಜಾಗಗಳು. ಅವರ ಅಂಗಳದ ಮುಂದೆ ಕಾರು ನಿಲ್ಲಿಸಿ ಹಾಡು ಹಾಕಿ ಕುಣಿಯುವುದು ಖಂಡಿತ ಸರಿಯಲ್ಲ.

ಕುದುರೆಮುಖ: ಹುಲ್ಲುಗುಡ್ಡ ನೋಡಬೇಕೆಂದರೆ ಇದೇ

ಕಾರ್ಕಳ ದಾಟಿ, ಬಜಗೋಳಿ, ಮಾಳದ ಮೇಲೆ ಘಟ್ಟ ಹತ್ತಿದರೆ ಎಸ್.ಕೆ. ಬಾರ್ಡರ್. ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ ಅದು, ಹೆಸರು ಈಗಲೂ ಹಾಗೇ ಉಳಿದಿದೆ. ಅಲ್ಲಿಂದ ಮುಂದೆ ಕಾಡಿನ ರೂಪವೇ ಬದಲಾಗುತ್ತದೆ. ಗುಡ್ಡದ ತಲೆಯೆಲ್ಲ ಹುಲ್ಲು. ಎರಡು ಗುಡ್ಡ ಸೇರುವ ಕಣಿವೆಯಲ್ಲಿ ಮಾತ್ರ ಮರಗಳ ಗುಂಪು. ಇದನ್ನೇ ಶೋಲಾ ಕಾಡು ಎನ್ನುತ್ತಾರೆ. ಮಳೆಯ ನೀರನ್ನು ಹುಲ್ಲು ಮತ್ತು ಶೋಲಾ ಹಿಡಿದಿಟ್ಟು ಬೇಸಿಗೆಯವರೆಗೂ ನಿಧಾನವಾಗಿ ಬಿಡುತ್ತವೆ. ನೇತ್ರಾವತಿ ಹುಟ್ಟುವುದು ಈ ಕಡೆಯ ಬೆಟ್ಟಗಳಲ್ಲೇ. ಮಂಗಳೂರಿನ ನಲ್ಲಿಗೆ ತುಂಬೆಯಿಂದ ಬರುವ ನೀರು ಅದೇ ನದಿಯದು. ಉಡುಪಿಗೆ ಬಜೆಯಿಂದ ನೀರು ಕೊಡುವ ಸ್ವರ್ಣಾ ನದಿಯೂ ಮಾಳದ ಕಡೆಯ ಘಟ್ಟದಿಂದ ಇಳಿಯುತ್ತದೆ. ಗುಡ್ಡದ ಮೇಲೆ ನಿಂತಾಗ ಇದನ್ನು ಮಕ್ಕಳಿಗೆ ಹೇಳಿ. ಪಾಠಕ್ಕಿಂತ ಚೆನ್ನಾಗಿ ನೆನಪಿರುತ್ತದೆ.

ಇದು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ವಿಸ್ತಾರ ಸುಮಾರು 600 ಚದರ ಕಿ.ಮೀ. ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು ಮೂರೂ ಜಿಲ್ಲೆಗೆ ಹರಡಿದೆ. ಇದರ ಹಿಂದೆ ಇರುವುದು ಸಿಂಗಳೀಕ. 1983–84ರಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕರ್ನಾಟಕದ ಸಿಂಗಳೀಕಗಳ ಸಮೀಕ್ಷೆ ಮಾಡಿದರು. ಇಲ್ಲಿ ಒಳ್ಳೆಯ ಸಂಖ್ಯೆಯಲ್ಲಿ ಇವೆ, ಕಾಡು ಉಳಿದರೆ ಅವೂ ಉಳಿಯುತ್ತವೆ ಎಂಬುದು ಅದರಿಂದ ಸ್ಪಷ್ಟವಾಯಿತು. ಉದ್ಯಾನದ ಘೋಷಣೆಗೆ ಅದು ಆಧಾರವಾಯಿತು.

ಆದರೆ ಅದೇ ಉದ್ಯಾನದ ನಡುವೆ ಕಬ್ಬಿಣದ ಅದಿರಿನ ಗಣಿ ಇತ್ತು. ಅದಿರನ್ನು ನೀರಿನ ಜೊತೆ ಕಲಸಿ 67 ಕಿ.ಮೀ. ಉದ್ದದ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ತರುತ್ತಿದ್ದರು. ಭದ್ರಾ ನದಿಗೆ ಹೂಳು ಇಳಿಯುತ್ತಿತ್ತು. ಪರಿಸರದ ಪರ ನಿಂತವರು ವರ್ಷಗಟ್ಟಲೆ ಹೋರಾಡಿದರು. 2002ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಲು ಹೇಳಿತು. 2005ರ ಕೊನೆಗೆ ಅದು ನಿಂತಿತು. ಇವತ್ತು ಕುದುರೆಮುಖ ಪಟ್ಟಣದ ಖಾಲಿ ಮನೆಗಳು, ಲಕ್ಯಾ ಅಣೆಕಟ್ಟು ಎಲ್ಲ ಆ ಕಾಲದ ಉಳಿಕೆ. ಕರಾವಳಿಯ ಎಷ್ಟೋ ಮನೆಗಳಿಗೆ ಆ ಗಣಿ ಕಂಪನಿಯಿಂದ ಅನ್ನ ಸಿಕ್ಕಿದೆ, ಆ ಮಾತನ್ನೂ ಮರೆಯಬಾರದು. ಆದರೂ ಗಣಿ ನಿಂತದ್ದು ಸರಿ. ಗುಡ್ಡ ಒಮ್ಮೆ ಹೋದರೆ ನದಿಯೂ ಹೋಗುತ್ತದೆ.

ಇನ್ನು ಹೋಗುವ ಲೆಕ್ಕ. ಮಂಗಳೂರಿನಿಂದ ಕುದುರೆಮುಖ ಪಟ್ಟಣಕ್ಕೆ ಸುಮಾರು 100 ಕಿ.ಮೀ. ಕಾರ್ಕಳದಿಂದ ಕಳಸ, ಹೊರನಾಡಿನ ಕಡೆ ಹೋಗುವ ಬಸ್ಸುಗಳು ಇದೇ ದಾರಿಯಲ್ಲಿ ಸಾಗುತ್ತವೆ. ಕಾರಿನಲ್ಲಿ ಬಂದರೆ ಚೆಕ್‌ಪೋಸ್ಟಿನಲ್ಲಿ ಸಮಯ ಬರೆದ ಚೀಟಿ ಕೊಡುತ್ತಾರೆ. ಕಾಡಿನ ನಡುವೆ ಎಲ್ಲೆಂದರಲ್ಲಿ ನಿಲ್ಲಿಸುವಂತಿಲ್ಲ. ಹನುಮಾನ್‌ಗುಂಡಿ ಜಲಪಾತ ರಸ್ತೆಯ ಪಕ್ಕದಲ್ಲೇ ಇದೆ. ಟಿಕೆಟ್ ಪಡೆದು ಮೆಟ್ಟಿಲು ಇಳಿಯಬೇಕು. ಇಳಿಯುವುದು ಸುಲಭ, ಮಂಡಿ ನೋವಿನವರಿಗೆ ಹತ್ತುವುದು ಕಷ್ಟ.

ಚಾರಣ ಬೇರೆ ವಿಷಯ. ಕುದುರೆಮುಖ ಶಿಖರ ಸುಮಾರು 1,890 ಮೀಟರ್ ಎತ್ತರ. ದಾರಿ ಸಂಸೆ, ಬಾಳೆಗಲ್ ಕಡೆಯಿಂದ ಮುಳ್ಳೋಡಿಗೆ ಹೋಗಿ ಅಲ್ಲಿಂದ ಹತ್ತುವುದು. ಹೋಗಿ ಬರಲು ಸುಮಾರು 20 ಕಿ.ಮೀ. ನಡಿಗೆ. ಅಭ್ಯಾಸ ಇಲ್ಲದವರು ಮಾಡಬಾರದು ಎಂದಲ್ಲ, ಆದರೆ ಒಂದು ತಿಂಗಳು ಮೊದಲು ದಿನಾ ನಡೆದು ತಯಾರಾಗಿ. ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮುಂಚಿತವಾಗಿ ಬುಕ್ ಮಾಡಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. ಶನಿವಾರ, ಭಾನುವಾರದ ಜಾಗ ಬೇಗ ತುಂಬುತ್ತದೆ. ಈ ಮಿತಿ ಬಗ್ಗೆ ಗೊಣಗುವವರನ್ನು ನೋಡಿದ್ದೇನೆ. ನನಗೆ ಅದು ತುಂಬಾ ಒಳ್ಳೆಯ ನಿಯಮ ಎನಿಸುತ್ತದೆ. ಹುಲ್ಲಿನ ಮೇಲೆ ಸಾವಿರ ಜನ ನಡೆದ ದಾರಿ ಮುಂದಿನ ಮಳೆಗೆ ಕೊರಕಲಾಗುತ್ತದೆ. ಮಣ್ಣು ಕೆಳಗಿಳಿದು ನಮ್ಮ ಹೊಳೆಗೇ ಬಂದು ಸೇರುತ್ತದೆ.

ಒಂದು ದಿನದಲ್ಲಿ ಶಿಖರ ಬೇಡ, ಹುಲ್ಲುಗುಡ್ಡದ ಅನುಭವ ಬೇಕು ಎನ್ನುವವರು ಕುರಿಂಜಾಲ್ ಅಥವಾ ಗಂಗಡಿಕಲ್ ಆರಿಸಿ. ದಾರಿ ಗಿಡ್ಡ, ನೋಟ ಅಷ್ಟೇ ಸೊಗಸು. ರಾತ್ರಿ ಉಳಿಯಲು ಭಗವತಿ ಪ್ರಕೃತಿ ಶಿಬಿರ ಇದೆ. ಕಳಸದ ಕಡೆ ಹೋಮ್‌ಸ್ಟೇಗಳು ಬೇಕಾದಷ್ಟಿವೆ.

ತಿಂಗಳು? ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್. ಮಳೆ ಹಿಂದೆ ಸರಿದಿರುತ್ತದೆ, ಹುಲ್ಲು ಇನ್ನೂ ಹಸಿರು. ಫೆಬ್ರವರಿ ನಂತರ ಹುಲ್ಲು ಒಣಗಿ ಬೆಂಕಿಯ ಭಯ ಶುರುವಾಗುತ್ತದೆ, ಚಾರಣ ಮುಚ್ಚುತ್ತಾರೆ. ಬೇಸಿಗೆ ರಜೆಗೆ ಕುದುರೆಮುಖ ಎಂದು ಯೋಚಿಸುವುದನ್ನೇ ಬಿಡಿ.

ಸೋಮೇಶ್ವರ: ನಾನು ಮೊದಲು ಹೇಳುವ ಹೆಸರು

ಯಾರಾದರೂ ಒಂದೇ ಒಂದು ಹೆಸರು ಹೇಳು ಎಂದರೆ ನಾನು ಸೋಮೇಶ್ವರ ಎನ್ನುತ್ತೇನೆ. ಮ್ಯಾಪಿನಲ್ಲಿ ಸುಮ್ನೆ ಸೋಮೇಶ್ವರ ಎಂದು ಹಾಕಿದರೆ ಉಳ್ಳಾಲದ ಕಡಲತೀರಕ್ಕೆ ಕರೆದೊಯ್ಯಬಹುದು. ನಾನು ಹೇಳುವುದು ಹೆಬ್ರಿ ಆಚೆ, ಆಗುಂಬೆ ಘಟ್ಟದ ಬುಡದಲ್ಲಿರುವ ಸೋಮೇಶ್ವರ. ಉಡುಪಿಯಿಂದ ಹೆಬ್ರಿಗೆ ಸುಮಾರು 32 ಕಿ.ಮೀ. ಅಲ್ಲಿಂದ ಹತ್ತಿರ.

ಅಭಯಾರಣ್ಯವಾದದ್ದು 1974ರಲ್ಲಿ. ಆಗ 88 ಚದರ ಕಿ.ಮೀ. ಇತ್ತು. 2011ರಲ್ಲಿ ಅದನ್ನು 314 ಚದರ ಕಿ.ಮೀ.ಗೆ ಹಿಗ್ಗಿಸಿದರು. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ 39 ಜಾಗಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರಲ್ಲಿ ಕುದುರೆಮುಖ, ಸೋಮೇಶ್ವರ, ಪುಷ್ಪಗಿರಿ ಮೂರೂ ಇವೆ. ಕುದುರೆಮುಖದ ಹೆಸರು ಎಲ್ಲರಿಗೂ ಗೊತ್ತು. ಸೋಮೇಶ್ವರ ವಿಶ್ವ ಪರಂಪರೆಯ ತಾಣ ಎಂದು ಹೆಬ್ರಿ ಪೇಟೆಯಲ್ಲಿ ಕೇಳಿದರೂ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಇಲ್ಲಿನ ವಿಶೇಷ ಮರಗಳು. ಘಟ್ಟದ ಕೆಳಗಿನ ತಗ್ಗುಪ್ರದೇಶದ ನಿತ್ಯಹಸಿರು ಕಾಡು ಕರಾವಳಿಯಲ್ಲಿ ಬೇರೆ ಕಡೆ ಹೆಚ್ಚಾಗಿ ರಬ್ಬರ್, ಅಡಿಕೆ, ಅಕೇಶಿಯಾಕ್ಕೆ ಜಾಗ ಬಿಟ್ಟುಕೊಟ್ಟಿದೆ. ಸೋಮೇಶ್ವರದಲ್ಲಿ ಅದು ದೊಡ್ಡ ತುಂಡಾಗಿ ಉಳಿದಿದೆ. ಧೂಪ, ಬೋಗಿ, ರೆಂಜೆ, ಬೈನೆ ಎಲ್ಲ ಇಲ್ಲಿ ಸಿಗುತ್ತವೆ. ಕೊಂಬೆಗೆ ಕೊಂಬೆ ತಾಗಿಕೊಂಡಿರುವುದರಿಂದಲೇ ಸಿಂಗಳೀಕ ಇಲ್ಲಿ ಬದುಕುತ್ತದೆ. ಅದು ನೆಲಕ್ಕೆ ಇಳಿಯುವುದು ಕಡಿಮೆ. ರಸ್ತೆ ಅಗಲವಾದರೆ, ಮೇಲಿನ ಕೊಂಬೆಗಳು ತಪ್ಪಿದರೆ ಅದರ ಪ್ರಪಂಚ ಎರಡು ತುಂಡಾಗುತ್ತದೆ. ಆಗುಂಬೆ ಘಟ್ಟದ ರಸ್ತೆ ಅಗಲ ಮಾಡಬೇಕು ಎಂಬ ಮಾತು ಬಂದಾಗಲೆಲ್ಲ ನನ್ನ ಎದೆ ಹೊಡೆದುಕೊಳ್ಳುವುದು ಇದಕ್ಕೇ.

ಮಕ್ಕಳು, ಅಜ್ಜ ಅಜ್ಜಿ ಜೊತೆ ಇದ್ದರೆ ಸೀತಾನದಿ ಪ್ರಕೃತಿ ಶಿಬಿರ ಒಳ್ಳೆಯ ಆಯ್ಕೆ. ಹೊಳೆಯ ಬದಿಯಲ್ಲೇ ಇದೆ. ಒಂದು ರಾತ್ರಿ ಉಳಿದು ಬೆಳಿಗ್ಗೆ ಬೇಗ ಎದ್ದರೆ ಹಕ್ಕಿ ನೋಡಲು ದೂರ ಹೋಗಬೇಕಿಲ್ಲ. ಇದು ಬಾರ್ಕೂರಿನ ಮೇಲೆ ಹರಿದು ಸಮುದ್ರ ಸೇರುವ ಅದೇ ಸೀತಾನದಿ. ದಯವಿಟ್ಟು ಹೊಳೆಗೆ ಕಾರು ಇಳಿಸಿ ತೊಳೆಯಬೇಡಿ. ಆ ನೀರಿನಲ್ಲಿ ಮೀನಿದೆ, ಕೆಳಗಿನ ಊರಿನವರು ಕುಡಿಯುತ್ತಾರೆ.

ನಡೆಯುವ ಮನಸ್ಸಿದ್ದವರಿಗೆ ಕೂಡ್ಲು ತೀರ್ಥ. ಸೀತಾನದಿ ಧುಮುಕುವ ಜಾಗ. ಅರಣ್ಯ ಇಲಾಖೆಯ ಟಿಕೆಟ್ ಪಡೆದು ಕಾಡಿನ ದಾರಿಯಲ್ಲಿ ಸ್ವಲ್ಪ ಹತ್ತಬೇಕು. ಮಳೆ ಜೋರಾಗಿದ್ದಾಗ ಬಿಡುವುದಿಲ್ಲ. ಅಕ್ಟೋಬರ್‌ನಿಂದ ಜನವರಿಯವರೆಗೆ ನೀರೂ ಇರುತ್ತದೆ, ದಾರಿಯೂ ಸುರಕ್ಷಿತ. ಗುಂಡಿಯಲ್ಲಿ ಈಜುವ ಆಸೆಯನ್ನು ಮಾತ್ರ ದೂರ ಇಡಿ.

ಇನ್ನು ಘಟ್ಟ ಹತ್ತಿದರೆ ಆಗುಂಬೆ. ಹದಿನಾಲ್ಕು ಹೇರ್‌ಪಿನ್ ತಿರುವು. ದೊಡ್ಡ ವಾಹನಗಳಿಗೆ ಅವಕಾಶ ಇಲ್ಲ, ಮಿನಿ ಬಸ್ಸುಗಳು ಓಡಾಡುತ್ತವೆ. ಕಾರು ಇಲ್ಲದವರಿಗೆ ಉಡುಪಿಯಿಂದ ಶಿವಮೊಗ್ಗದ ಬಸ್ ಹಿಡಿಯುವುದೇ ಸರಳ ದಾರಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ. ಸೂರ್ಯಾಸ್ತ ನೋಡಲು ನವೆಂಬರ್, ಡಿಸೆಂಬರ್ ಬನ್ನಿ. ಆಕಾಶ ಶುಭ್ರವಾಗಿದ್ದರೆ ಅರಬ್ಬಿ ಸಮುದ್ರ ಕಾಣುತ್ತದೆ.

ಆಗುಂಬೆ ಎಂದರೆ ಕಾಳಿಂಗ ಸರ್ಪ. ಹಾವುಗಳ ತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಇಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಆರಂಭಿಸಿದರು. ಹಾವುಗಳ ಒಳಗೆ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಅವು ಎಲ್ಲಿ ಓಡಾಡುತ್ತವೆ ಎಂದು ಹಿಂಬಾಲಿಸಿ ಅಧ್ಯಯನ ನಡೆಯಿತು. ಕಾಳಿಂಗ ತರಗೆಲೆ ಒಟ್ಟುಮಾಡಿ ಗೂಡು ಕಟ್ಟಿ ಅದರಲ್ಲಿ ಮೊಟ್ಟೆ ಇಡುತ್ತದೆ, ತಾಯಿ ಕಾವಲು ಕಾಯುತ್ತದೆ. 2024ರಲ್ಲಿ ವಿಜ್ಞಾನಿಗಳು ಪಶ್ಚಿಮ ಘಟ್ಟದ ಕಾಳಿಂಗ ಬೇರೆಯದೇ ಪ್ರಭೇದ ಎಂದು ಗುರುತಿಸಿ ಓಫಿಯೋಫೇಗಸ್ ಕಾಳಿಂಗ ಎಂಬ ಹೆಸರು ಕೊಟ್ಟರು. ಈ ಊರಿನ ಜನ ಹಾವನ್ನು ಹೊಡೆಯದೆ ಬಿಟ್ಟಿದ್ದರಿಂದಲೇ ಇಷ್ಟೆಲ್ಲ ತಿಳಿಯಲು ಸಾಧ್ಯವಾಯಿತು. ಕಾಳಿಂಗ ತೋರಿಸುತ್ತೇವೆ, ಹಿಡಿದು ಫೋಟೋ ತೆಗೆಯಿರಿ ಎಂದು ಯಾರಾದರೂ ಕರೆದರೆ ಹೋಗಬೇಡಿ. ಅದು ಅಪರಾಧವೂ ಹೌದು, ಜೀವಕ್ಕೆ ಅಪಾಯವೂ ಹೌದು.

ಘಟ್ಟದ ತಿರುವಿನಲ್ಲಿ ಮಂಗಗಳಿಗೆ ಬಿಸ್ಕತ್ತು, ಬಾಳೆಹಣ್ಣು ಎಸೆಯುವ ಅಭ್ಯಾಸ ದೊಡ್ಡ ತೊಂದರೆಯಾಗಿದೆ. ತಿನ್ನಲು ರಸ್ತೆಗೆ ಬಂದ ಮಂಗ ಗಾಡಿಯ ಕೆಳಗೆ ಸಿಗುತ್ತದೆ. ಮಕ್ಕಳಿಗೆ ಖುಷಿಯಾಗುತ್ತದೆ ಎಂಬುದು ಇದಕ್ಕೆ ಕಾರಣ ಆಗಬಾರದು, ಅಲ್ವಾ?

ಮೂಕಾಂಬಿಕಾ: ದೇವಸ್ಥಾನಕ್ಕೆ ಹೋಗುವವರಿಗೆ ಒಂದು ದಿನ ಜಾಸ್ತಿ

ಕೊಲ್ಲೂರಿಗೆ ಹೋಗದ ಕರಾವಳಿಯ ಮನೆ ಇಲ್ಲ. ಆದರೆ ದೇವಸ್ಥಾನದ ಸುತ್ತ ಇರುವ ಕಾಡು ಮೂಕಾಂಬಿಕಾ ಅಭಯಾರಣ್ಯ ಎಂದು ಗಮನಿಸುವವರು ಕಡಿಮೆ. ಇದೂ 1974ರದ್ದೇ. ಮೊದಲು 247 ಚದರ ಕಿ.ಮೀ., 2011ರ ನಂತರ 370 ಚದರ ಕಿ.ಮೀ. ಲೆಕ್ಕದಲ್ಲಿ ಸೋಮೇಶ್ವರಕ್ಕಿಂತ ದೊಡ್ಡದು. ಸಿಂಗಳೀಕ ಇಲ್ಲಿಯೂ ಇದೆ.

ಇಲ್ಲಿಗೆ ಹೋಗುವ ಹೆಚ್ಚಿನವರ ಗುರಿ ಕೊಡಚಾದ್ರಿ. ಅದು 1,343 ಮೀಟರ್ ಎತ್ತರ, ಶಿವಮೊಗ್ಗ ಜಿಲ್ಲೆಗೆ ಸೇರಿದ್ದು. ಮೇಲೆ ಸರ್ವಜ್ಞಪೀಠದ ಕಲ್ಲಿನ ಮಂಟಪ ಇದೆ. ಕೊಲ್ಲೂರಿನಿಂದ ಜೀಪುಗಳು ಹೋಗುತ್ತವೆ. ಕೊನೆಯ ದಾರಿ ಕಲ್ಲು, ಹೊಂಡ. ಬೆನ್ನು ನೋವಿನವರು, ಗರ್ಭಿಣಿಯರು ಖಂಡಿತ ಹೋಗಬಾರದು. ಕಾಲಿನಲ್ಲಿ ಶಕ್ತಿ ಇದ್ದವರು ಹಿಡ್ಲುಮನೆ ಜಲಪಾತದ ಕಡೆಯಿಂದ ಹತ್ತಬಹುದು, ಅನುಮತಿ ಇದೆಯೇ ಎಂದು ಮೊದಲು ಕೇಳಿಕೊಂಡು.

ನನಗೆ ಕೇಳಿದರೆ ಕೊಡಚಾದ್ರಿಗಿಂತ ಕೆಳಗಿನ ಕಾಡಿನಲ್ಲಿ ಒಂದು ದಿನ ಕಳೆಯುವುದು ಒಳ್ಳೆಯದು. ಆನೆಝರಿಯಲ್ಲಿ ಚಿಟ್ಟೆ ಶಿಬಿರ ಇದೆ. ಮಳೆ ನಿಂತ ಮೇಲಿನ ತಿಂಗಳುಗಳಲ್ಲಿ ತೇವದ ಮಣ್ಣಿನ ಮೇಲೆ ಚಿಟ್ಟೆಗಳು ಗುಂಪಾಗಿ ಕೂರುತ್ತವೆ. ಅವು ಅಲ್ಲಿ ಹೀರುವುದು ಮಣ್ಣಿನ ಉಪ್ಪಿನಂಶ. ಮಕ್ಕಳನ್ನು ಅರ್ಧ ಗಂಟೆ ಸದ್ದಿಲ್ಲದೆ ಕೂರಿಸುವ ಶಕ್ತಿ ಅದಕ್ಕಿದೆ.

ಉಡುಪಿಯಿಂದ ಕುಂದಾಪುರದ ಮೇಲೆ ಕೊಲ್ಲೂರಿಗೆ ಸುಮಾರು 75 ಕಿ.ಮೀ. ಬಸ್ಸು ಧಾರಾಳ. ರೈಲಿನಲ್ಲಾದರೆ ಮೂಕಾಂಬಿಕಾ ರೋಡ್ ಬೈಂದೂರು ನಿಲ್ದಾಣ. ಮಂಗಳೂರಿನವರಿಗೆ ಒಂದೇ ದಿನದಲ್ಲಿ ಹೋಗಿ ಬರುವುದು ದಣಿವು. ಒಂದು ರಾತ್ರಿ ಉಳಿಯಿರಿ.

ಪಿಲಿಕುಳ: ಚಿಕ್ಕ ಮಕ್ಕಳಿದ್ದರೆ ಇಲ್ಲಿಂದ ಶುರು ಮಾಡಿ

ಮಂಗಳೂರಿನ ವಾಮಂಜೂರು, ಮೂಡುಶೆಡ್ಡೆಯ ಹತ್ತಿರ ಇರುವ ಡಾ. ಶಿವರಾಮ ಕಾರಂತ ಪಿಲಿಕುಳ ನಿಸರ್ಗಧಾಮವನ್ನು ಕಾಡಿನ ಜೊತೆ ಹೋಲಿಸುವುದು ತಪ್ಪು ಎನ್ನುವವರಿದ್ದಾರೆ. ಅದು ನಿಜವೇ. ಇದು ಸುಮಾರು 370 ಎಕರೆಯಲ್ಲಿ ಮನುಷ್ಯರು ರೂಪಿಸಿದ ಜಾಗ. ಆದರೆ ಐದು ವರ್ಷದ ಮಗುವಿಗೆ ಆಗುಂಬೆಯಲ್ಲಿ ಕಾಣುವುದು ಬರೀ ಹಸಿರು. ಪಿಲಿಕುಳದಲ್ಲಿ ಹುಲಿ ಕಾಣುತ್ತದೆ, ಹಾವು ಕಾಣುತ್ತದೆ. ಆಮೇಲೆ ಕಾಡಿಗೆ ಕರೆದೊಯ್ದರೆ ಅದರ ಕಣ್ಣು ಬೇರೆಯೇ ಆಗಿರುತ್ತದೆ.

ಕಾಳಿಂಗ ಸರ್ಪವನ್ನು ಸಾಕಿ ಮರಿ ಮಾಡಿಸುವ ಕೆಲಸ ಇಲ್ಲಿನ ಜೈವಿಕ ಉದ್ಯಾನದಲ್ಲಿ ನಡೆದಿದೆ. ಪ್ರಾಣಿಗಳ ಗೂಡು ನೋಡಿ ಎಲ್ಲರೂ ವಾಪಸ್ ಹೋಗುತ್ತಾರೆ. ಪಶ್ಚಿಮ ಘಟ್ಟದ ಮರಗಿಡಗಳನ್ನು ಬೆಳೆಸಿರುವ ಸಸ್ಯೋದ್ಯಾನಕ್ಕೆ ಹೋಗುವವರು ವಿರಳ. ನಾನಾದರೆ ಮೊದಲು ಅಲ್ಲಿಗೇ ಹೋಗು ಎನ್ನುತ್ತೇನೆ. ಸೋಮೇಶ್ವರದ ಕಾಡಿನಲ್ಲಿ ನೂರು ಅಡಿ ಮೇಲಿರುವ ಎಲೆಯನ್ನು ನೋಡಿ ಮರ ಗುರುತಿಸುವುದು ಕಷ್ಟ. ಇಲ್ಲಿ ಗಿಡ ಕೈಗೆ ಎಟಕುತ್ತದೆ.

ಗುತ್ತುಮನೆ, ಕೆರೆ, ವಿಜ್ಞಾನ ಕೇಂದ್ರ, 2018ರಲ್ಲಿ ತೆರೆದ ಸ್ವಾಮಿ ವಿವೇಕಾನಂದ ತಾರಾಲಯ ಎಲ್ಲ ಒಂದೇ ಕಡೆ. ಎಲ್ಲವನ್ನೂ ಒಂದೇ ದಿನ ಮುಗಿಸುವ ಹಟ ಬೇಡ. ಸೋಮವಾರ ರಜೆ. ಮಳೆಗಾಲದಲ್ಲೂ ಹೋಗಬಹುದು ಎಂಬುದು ಇದರ ದೊಡ್ಡ ಲಾಭ.

ಸೇಂಟ್ ಮೇರಿಸ್ ದ್ವೀಪ ಮತ್ತು ಪುಷ್ಪಗಿರಿ

ಇವೆರಡನ್ನು ಒಟ್ಟಿಗೆ ಹೇಳುತ್ತಿದ್ದೇನೆ, ಯಾಕೆಂದರೆ ಎರಡೂ ಎಲ್ಲರಿಗೂ ಅಲ್ಲ.

ಮಲ್ಪೆಯಿಂದ ಬೋಟಿನಲ್ಲಿ ಹೋಗುವ ಸೇಂಟ್ ಮೇರಿಸ್ ದ್ವೀಪ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಜೋಡಿಸಿಟ್ಟ ಹಾಗೆ ನಿಂತ ಐದು, ಆರು, ಏಳು ಮೂಲೆಯ ಕಲ್ಲಿನ ಕಂಬಗಳು. ಸುಮಾರು 8.8 ಕೋಟಿ ವರ್ಷದ ಹಿಂದೆ ಭಾರತ ಮತ್ತು ಮಡಗಾಸ್ಕರ್ ಬೇರೆಯಾಗುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣಿದು, ಕುಗ್ಗಿ, ಹೀಗೆ ಸೀಳಿತು. ಇಲ್ಲಿ ಈಜುವುದು ಅಪಾಯ. ಕಲ್ಲಿನ ಸಂದಿಯಲ್ಲಿ ಅಲೆಯ ಸೆಳೆತ ಜೋರು, ಜೀವಗಳು ಹೋಗಿವೆ. ಉಳಿಯಲು ಅವಕಾಶ ಇಲ್ಲ, ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ ಮಾತ್ರ ಬೋಟು. ಸಮುದ್ರ ಇಳಿತ ಇರುವ ಹೊತ್ತು ಹೋದರೆ ಕಂಬಗಳು ಬುಡದವರೆಗೆ ಕಾಣುತ್ತವೆ. ಕಲ್ಲಿನ ಮೇಲೆ ಹೆಸರು ಕೆತ್ತುವವರನ್ನು ಕಂಡರೆ ತಡೆಯಿರಿ. ಬೇಸಿಗೆ ರಜೆಯಲ್ಲಿ ಕಾಡು ಮುಚ್ಚಿದಾಗ ಇದು ಒಳ್ಳೆಯ ಬದಲಿ, ಆದರೆ ಬೆಳಿಗ್ಗೆಯ ಮೊದಲ ಬೋಟಿಗೇ ಹೋಗಿ. ನೆರಳು ತುಂಬಾ ಕಡಿಮೆ.

ಪುಷ್ಪಗಿರಿ ಅಭಯಾರಣ್ಯ ಅಂದರೆ ನಮಗೆ ಕುಮಾರ ಪರ್ವತ. 1987ರಲ್ಲಿ ಘೋಷಣೆಯಾದ, ಸುಮಾರು 103 ಚದರ ಕಿ.ಮೀ.ನ ಕಾಡು. ಶಿಖರ 1,712 ಮೀಟರ್. ಕುಕ್ಕೆ ಸುಬ್ರಹ್ಮಣ್ಯ ಇರುವುದು ಬುಡದಲ್ಲಿ. ಅಲ್ಲಿಂದ ಹತ್ತುವುದೆಂದರೆ ಒಂದೂವರೆ ಕಿಲೋಮೀಟರಿಗೂ ಜಾಸ್ತಿ ಎತ್ತರವನ್ನು ಕಾಲಿನಲ್ಲೇ ಏರುವುದು. ಕರಾವಳಿಯಿಂದ ಮಾಡಬಹುದಾದ ಅತಿ ಕಠಿಣ ಚಾರಣಗಳಲ್ಲಿ ಇದು ಒಂದು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಸಾವಿರಾರು ಜನ ಒಟ್ಟಿಗೆ ಬಂದು ಕಾಡಿನ ದಾರಿಯಲ್ಲಿ ಜಾತ್ರೆಯಾಯಿತು. ಆಮೇಲೆಯೇ ಚಾರಣ ದಾರಿಗಳಿಗೆ ಆನ್‌ಲೈನ್ ಬುಕಿಂಗ್ ಬಿಗಿಯಾದದ್ದು. ಮೊದಲ ಚಾರಣಕ್ಕೆ ಇದನ್ನು ಆರಿಸಬೇಡಿ. ಕುರಿಂಜಾಲ್‌ನಂಥ ಚಿಕ್ಕದನ್ನು ಮಾಡಿ, ಮೈಗೆ ಅಭ್ಯಾಸವಾದ ಮೇಲೆ ಇಲ್ಲಿಗೆ ಬನ್ನಿ.

ಹಾಗಾದರೆ ಯಾವುದು?

ಮಳೆಗಾಲದಲ್ಲಿ ಚಾರಣ, ಜಲಪಾತದ ಬುಡ ಎರಡೂ ಬೇಡ. ಜೂನ್, ಜುಲೈಯಲ್ಲಿ ಘಟ್ಟದ ಮಳೆ ನೋಡಬೇಕೆಂದರೆ ಆಗುಂಬೆಯಲ್ಲಿ ಒಂದು ರಾತ್ರಿ ಉಳಿಯಿರಿ. ಜಗಲಿಯಲ್ಲಿ ಕೂತು ಮಳೆ ನೋಡುವುದು, ಸಂಜೆ ಕಪ್ಪೆಗಳ ಕೂಗು ಕೇಳುವುದು, ಅಷ್ಟೇ ಸಾಕು. ಹೊರಡುವ ಮೊದಲು ಘಟ್ಟದ ರಸ್ತೆ ತೆರೆದಿದೆಯೇ ಎಂದು ವಿಚಾರಿಸಿ, ಗುಡ್ಡ ಕುಸಿದು ಮುಚ್ಚುವುದು ಇದೆ.

ಅಕ್ಟೋಬರ್‌ನಿಂದ ಡಿಸೆಂಬರ್ ಎಲ್ಲಕ್ಕೂ ಒಳ್ಳೆಯ ಕಾಲ. ಗಟ್ಟಿ ಕಾಲಿನ ಸ್ನೇಹಿತರಿದ್ದರೆ ಕುದುರೆಮುಖ. ಮೂರು ತಲೆಮಾರು ಒಟ್ಟಿಗೆ ಹೊರಟರೆ ಸೀತಾನದಿ. ಹಕ್ಕಿ, ಚಿಟ್ಟೆಯ ಹುಚ್ಚಿದ್ದರೆ ಆನೆಝರಿ. ಊರಿಗೆ ಬಂದ ಮುಂಬಯಿ, ಬೆಂಗಳೂರಿನ ನೆಂಟರ ಕೈಯಲ್ಲಿ ಅರ್ಧ ದಿನ ಮಾತ್ರ ಇದ್ದರೆ, ಉಡುಪಿಯಲ್ಲಾದರೆ ದ್ವೀಪ, ಮಂಗಳೂರಿನಲ್ಲಾದರೆ ಪಿಲಿಕುಳ. ಅರ್ಧ ದಿನಕ್ಕೆ ಕುದುರೆಮುಖಕ್ಕೆ ಓಡಿಸಿ ತರುವುದು ಅವರಿಗೂ ಸುಸ್ತು, ಕಾಡಿಗೂ ಪ್ರಯೋಜನ ಇಲ್ಲ.

ಜನವರಿಯಿಂದ ಮೇವರೆಗೆ ಇನ್ನೊಂದು ವಿಷಯ ನೆನಪಿಡಬೇಕು. ಅದು ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ರಕ್ತ ಹೀರುವ ಉಣ್ಣೆ ಹುಳಗಳಿಂದ (ಉಣುಗು) ಹರಡುತ್ತದೆ. ತೀರ್ಥಹಳ್ಳಿ, ಹೊಸನಗರ ಕಡೆಯ ಕಾಡಿನ ಅಂಚಿನಲ್ಲಿ ಪ್ರತಿ ವರ್ಷ ಎಚ್ಚರಿಕೆ ಇರುತ್ತದೆ. ಆಗುಂಬೆ, ಕೊಡಚಾದ್ರಿ ಎರಡೂ ಆ ಭಾಗದಲ್ಲೇ ಇವೆ. ಆ ತಿಂಗಳಲ್ಲಿ ಹೋಗುವವರು ಮೈ ಮುಚ್ಚುವ ಬಟ್ಟೆ ಹಾಕಿ, ತರಗೆಲೆಯ ಮೇಲೆ ಕೂರಬೇಡಿ, ಸತ್ತ ಮಂಗದ ಹತ್ತಿರ ಹೋಗಬೇಡಿ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಮೈಮೇಲೆ ಉಣ್ಣೆ ಇದೆಯೇ ನೋಡಿಕೊಳ್ಳಿ. ಕಾಡಿಗೆ ಹೋಗಿ ಬಂದ ಕೆಲವೇ ದಿನದಲ್ಲಿ ಜೋರು ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲೇಬೇಕು. ಮಳೆಗಾಲದ ಉಂಬಳಕ್ಕೆ (ಜಿಗಣೆಗೆ) ಇಷ್ಟು ಹೆದರಬೇಕಿಲ್ಲ. ಕಚ್ಚಿದರೆ ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ, ತುರಿಸುತ್ತದೆ, ಅಷ್ಟೇ. ಉದ್ದನೆಯ ಕಾಲುಚೀಲದ ಒಳಗೆ ಪ್ಯಾಂಟು ಸಿಕ್ಕಿಸಿದರೆ ಅರ್ಧ ಕಾಟ ಕಡಿಮೆ.

ಹಣದ ವಿಷಯಕ್ಕೆ ಬಂದರೆ ಎಲ್ಲಕ್ಕಿಂತ ಖರ್ಚು ಕಡಿಮೆ ಸೋಮೇಶ್ವರದ ಕಡೆ. ಬಸ್ ಇದೆ, ಟಿಕೆಟ್ ದೊಡ್ಡದಲ್ಲ. ಊಟ ಹೆಬ್ರಿಯಲ್ಲೋ ಆಗುಂಬೆಯಲ್ಲೋ ಆಗುತ್ತದೆ. ಕುದುರೆಮುಖ ಚಾರಣಕ್ಕೆ ಬುಕಿಂಗ್, ಗೈಡ್, ಜೀಪು, ಹೋಮ್‌ಸ್ಟೇ ಎಲ್ಲ ಸೇರುತ್ತದೆ. ಗೈಡ್ ಹಣವನ್ನು ಉಳಿಸಲು ಹೋಗಬೇಡಿ. ಅದು ಸಂಸೆ, ಕಳಸದ ಹುಡುಗರ ದುಡಿಮೆ. ಮಂಜು ಇಳಿದಾಗ ದಾರಿ ಗೊತ್ತಿರುವುದು ಅವರಿಗೆ ಮಾತ್ರ.

ಎಲ್ಲಿಗೇ ಹೋದರೂ ಬುತ್ತಿಯನ್ನು ಸ್ಟೀಲ್ ಡಬ್ಬಿಯಲ್ಲಿ ಕಟ್ಟಿ, ನೀರು ಮನೆಯಿಂದಲೇ ತುಂಬಿಸಿಕೊಳ್ಳಿ. ಕುದುರೆಮುಖ, ಆಗುಂಬೆ ಎರಡೂ ಕಡೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಬುಕಿಂಗ್ ಚೀಟಿಯನ್ನು ಕಾಗದದಲ್ಲಿ ಪ್ರಿಂಟ್ ತೆಗೆದುಕೊಂಡು ಹೋಗಿ, ಜೊತೆಗೆ ಬುಕ್ ಮಾಡುವಾಗ ಕೊಟ್ಟ ಗುರುತಿನ ಚೀಟಿಯ ಅಸಲಿ ಪ್ರತಿಯೂ ಇರಲಿ.